ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆಯಂತೆ, ಯಾವ ಗಡ್ಡೆ?

‘ಪ್ಯಾಂಕ್ರಿಯಾಸ್‌ನಲ್ಲಿ ಗಡ್ಡೆ ಇದೆಯಂತೆ’ ಎಂಬ ಮಾತು ಬಂದ ಮನೆಯಲ್ಲಿ ಆ ದಿನ ಒಲೆ ಹಚ್ಚಲೂ ಯಾರಿಗೂ ಮನಸ್ಸು ಬರುವುದಿಲ್ಲ. ಹೊಟ್ಟೆನೋವಿಗೆಂದೋ ಕಿಡ್ನಿ ಕಲ್ಲಿಗೆಂದೋ ಮಾಡಿಸಿದ ಸ್ಕ್ಯಾನಿನ ವರದಿ. ಅದರ ಕೊನೆಯಲ್ಲಿ ಎರಡೇ ಸಾಲು. ಅದನ್ನೋದಿದ ಮಗ ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಮೊಬೈಲಿನಲ್ಲಿ ಹುಡುಕಿರುತ್ತಾನೆ, ‘ಕೆಲವೇ ತಿಂಗಳು’ ಎಂಬುದನ್ನು ಕಂಡಿರುತ್ತಾನೆ, ಅಪ್ಪನ ಮುಖ ನೋಡಲಾಗದೆ ಆಟೊ ಕರೆಯುವ ನೆಪದಲ್ಲಿ ಮುಂದೆ ನಡೆದಿರುತ್ತಾನೆ.

ಅವನು ಓದಿದ್ದು ಸುಳ್ಳಲ್ಲ. ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಅದರ ನಾಳದ ಒಳಪದರದಲ್ಲಿ ಹುಟ್ಟುವ ಅಡಿನೋಕಾರ್ಸಿನೋಮ ಎಂಬ ಜಾತಿಯವು. ಅವು ಬಹಳ ಕ್ರೂರ. ಮೊಬೈಲಿನಲ್ಲಿ ಮೊದಲು ಕಾಣಿಸುವ ಅಂಕಿಗಳೆಲ್ಲ ಅವುಗಳವೇ. ಆದರೆ ಅಪ್ಪನ ಗಡ್ಡೆ ಆ ತೊಂಬತ್ತರಲ್ಲಿ ಸೇರಿದ್ದೋ ಉಳಿದ ಗುಂಪಿಗೆ ಸೇರಿದ್ದೋ ಎಂಬುದು ಆ ಹೊತ್ತಿಗೆ ವೈದ್ಯರಿಗೂ ತಿಳಿದಿರುವುದಿಲ್ಲ. ಉಳಿದ ಗುಂಪಿನಲ್ಲಿ ಪೂರ್ತಿ ವಾಸಿಯಾಗುವ ಗಡ್ಡೆಗಳಿವೆ, ಹತ್ತಿಪ್ಪತ್ತು ವರ್ಷ ಜೊತೆಯಲ್ಲೇ ಇರುವ ಗಡ್ಡೆಗಳಿವೆ, ಮುಟ್ಟದೆ ಬಿಟ್ಟುಬಿಡಬಹುದಾದವೂ ಇವೆ. ಕ್ಯಾನ್ಸರೇ ಅಲ್ಲದೆ ಅದರ ವೇಷ ಹಾಕಿಕೊಂಡು ಬರುವ ಕಾಯಿಲೆಗಳೂ ಇವೆ. ಈ ಲೇಖನ ಆ ಅಪರೂಪದ ಗುಂಪಿನ ಬಗ್ಗೆ.

ಅಪರೂಪ ಎಂದಕೂಡಲೇ ‘ನಮಗ್ಯಾಕೆ ಬರುತ್ತೆ’ ಎನ್ನುವುದು ಸಹಜ. ಬಂದವರಿಗೆ ಮಾತ್ರ ಅದು ನೂರಕ್ಕೆ ನೂರು. ಅಪರೂಪವಾದ್ದರಿಂದಲೇ ಅದನ್ನು ಗುರುತಿಸಲು ವರ್ಷಗಟ್ಟಲೆ ತಡವಾಗುತ್ತದೆ.

ಒಂದು ಗ್ರಂಥಿ, ಎರಡು ಕಸುಬು

ಮೇದಸ್ಸು ಎಂದರೆ ಕೊಬ್ಬು. ಕೊಬ್ಬನ್ನು ಅರಗಿಸುವ ಗ್ರಂಥಿ ಎಂಬ ಅರ್ಥ ಅದರ ಕನ್ನಡ ಹೆಸರಿನಲ್ಲೇ ಇದೆ. ಆದರೆ ಆ ಹೆಸರು ಅರ್ಧ ಕಥೆಯನ್ನಷ್ಟೇ ಹೇಳುತ್ತದೆ. ಸುಮಾರು 15 ಸೆಂಟಿಮೀಟರ್ ಉದ್ದದ ಈ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿದೆ. ಬಲಗಡೆಯ ದಪ್ಪ ತಲೆ ಸಣ್ಣಕರುಳಿನ ಆರಂಭದ ಬಾಗಿಗೆ ಅಂಟಿಕೊಂಡಿರುತ್ತದೆ, ಎಡಗಡೆಯ ಬಾಲ ಗುಲ್ಮವನ್ನು ಮುಟ್ಟುತ್ತದೆ. ಇದರ ಬಹುಪಾಲು ಜೀರ್ಣರಸ ತಯಾರಿಸಿ ನಾಳದ ಮೂಲಕ ಕರುಳಿಗೆ ಸುರಿಯುವ ಕಾರ್ಖಾನೆ. ಅದರ ನಡುನಡುವೆ, ಗದ್ದೆಯಲ್ಲಿ ಅಲ್ಲಲ್ಲಿ ಎದ್ದ ದಿಬ್ಬಗಳಂತೆ, ಬೇರೆಯೇ ಕೋಶಗಳ ಸಣ್ಣ ಗುಂಪುಗಳಿವೆ. 1869ರಲ್ಲಿ ಜರ್ಮನಿಯ ಪಾಲ್ ಲ್ಯಾಂಗರ್‌ಹ್ಯಾನ್ಸ್ ಎಂಬ ವಿದ್ಯಾರ್ಥಿ ಇವನ್ನು ಮೊದಲು ವರ್ಣಿಸಿದ. ಇವು ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೋ ಎರಡೋ ಪಾಲು. ಇನ್ಸುಲಿನ್, ಗ್ಲುಕಗಾನ್ ಮುಂತಾದ ಹಾರ್ಮೋನುಗಳನ್ನು ನೇರವಾಗಿ ರಕ್ತಕ್ಕೆ ಬಿಡುವುದು ಇವುಗಳ ಕೆಲಸ.

ಗಡ್ಡೆ ಯಾವ ಕೋಶದಿಂದ ಎದ್ದಿತು ಎಂಬುದರ ಮೇಲೆ ಅದರ ಸ್ವಭಾವ ನಿಂತಿದೆ. ನಾಳದ ಕೋಶದಿಂದ ಎದ್ದರೆ ಒಂದು ಹಾದಿ. ಹಾರ್ಮೋನಿನ ಕೋಶದಿಂದ ಎದ್ದರೆ ಅದು ನ್ಯೂರೋಎಂಡೊಕ್ರೈನ್ ಗಡ್ಡೆ, ವೈದ್ಯರ ಬಾಯಲ್ಲಿ ಚಿಕ್ಕದಾಗಿ ‘ನೆಟ್’. ಅದರ ಹಾದಿಯೇ ಬೇರೆ. ಜೀರ್ಣರಸ ಮಾಡುವ ಕೋಶದಿಂದ ಎದ್ದದ್ದು ಇನ್ನೊಂದು. ಸ್ಥಳ ಒಂದೇ ಆದರೂ ಕಾಯಿಲೆ ಒಂದಲ್ಲ. ಹೊಲ ಒಂದೇ ಎಂದು ಅಲ್ಲಿ ಎದ್ದ ಗಿಡವೆಲ್ಲ ಒಂದೇ ಜಾತಿ ಎನ್ನಲಾದೀತೆ?

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಆ್ಯಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಅವರ ಕಥೆ ಸಾಕ್ಷಿ. 2003ರಲ್ಲಿ ಸ್ಕ್ಯಾನ್ ನೋಡಿದ ವೈದ್ಯರು ಅವರಿಗೆ ಇದು ವಾಸಿಯಾಗುವ ಕ್ಯಾನ್ಸರ್ ಅಲ್ಲ, ಮೂರರಿಂದ ಆರು ತಿಂಗಳಿಗಿಂತ ಹೆಚ್ಚು ನಿರೀಕ್ಷಿಸಬೇಡಿ ಎಂದಿದ್ದರು. ಅದೇ ದಿನ ಸಂಜೆ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಗಡ್ಡೆಯಿಂದ ಕೆಲವು ಕೋಶಗಳನ್ನು ತೆಗೆದರು. ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದ ವೈದ್ಯರ ಕಣ್ಣಲ್ಲಿ ನೀರು ಬಂತಂತೆ. ಅದು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗಬಲ್ಲ ಅಪರೂಪದ ಜಾತಿಯದಾಗಿತ್ತು. 2005ರ ಸ್ಟ್ಯಾನ್‌ಫರ್ಡ್ ಭಾಷಣದಲ್ಲಿ ಜಾಬ್ಸ್ ಅವರೇ ಇದನ್ನು ಹೇಳಿದ್ದಾರೆ. ಆದರೆ ಅವರು ಶಸ್ತ್ರಚಿಕಿತ್ಸೆಗೆ ಒಪ್ಪಿದ್ದು ಸುಮಾರು ಒಂಬತ್ತು ತಿಂಗಳ ನಂತರ, 2004ರ ಬೇಸಗೆಯಲ್ಲಿ. ಅಷ್ಟು ದಿನ ಆಹಾರ ಪಥ್ಯ ಮತ್ತಿತರ ಉಪಾಯಗಳನ್ನು ನೋಡಿದರು. 2009ರಲ್ಲಿ ಲಿವರ್ ಕಸಿಯಾಯಿತು. 2011ರ ಅಕ್ಟೋಬರ್ 5ರಂದು ತೀರಿಕೊಂಡರು. ತಿಂಗಳುಗಳಲ್ಲಿ ಎಣಿಸಿದ್ದ ಆಯುಸ್ಸು ಎಂಟು ವರ್ಷಗಳಾಯಿತು. ಆ ಒಂಬತ್ತು ತಿಂಗಳು ವ್ಯರ್ಥವಾಗದಿದ್ದರೆ ಇನ್ನೂ ಹೆಚ್ಚಾಗುತ್ತಿತ್ತೇ ಎಂದು ಯಾರೂ ಖಚಿತವಾಗಿ ಹೇಳಲಾರರು. ಆದರೂ ಗಡ್ಡೆಯ ಜಾತಿ ತಿಳಿದ ಮೇಲೆ ಕಾಯುತ್ತಾ ಕೂರಬಾರದು ಎಂದೇ ನಾನು ಓದುಗರಿಗೆ ಹೇಳುತ್ತೇನೆ.

ಬೆಳಗಿನ ಜಾವದ ಗೊಂದಲ

ಹಾರ್ಮೋನಿನ ಕೋಶದಿಂದ ಏಳುವ ಈ ನೆಟ್‌ಗಳಲ್ಲಿ ನಮ್ಮ ಮನೆಗಳು ಚೆನ್ನಾಗಿ ತಿಳಿದುಕೊಳ್ಳಬೇಕಾದದ್ದು ಇನ್ಸುಲಿನೋಮ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ವರಿಗೆ ಬರುತ್ತದೆ. ಗಾತ್ರ ಹೆಚ್ಚಾಗಿ ಎರಡು ಸೆಂಟಿಮೀಟರಿಗಿಂತ ಕಡಿಮೆ, ಒಂದು ಅಡಿಕೆಯಷ್ಟು. ಹತ್ತರಲ್ಲಿ ಒಂಬತ್ತು ಕ್ಯಾನ್ಸರ್ ಅಲ್ಲದವು. ಆದರೂ ಅದು ಮನುಷ್ಯನನ್ನು ಹೈರಾಣು ಮಾಡುತ್ತದೆ. ಹಸಿವಿರಲಿ ಊಟವಾಗಿರಲಿ, ಅದು ತನ್ನ ಪಾಡಿಗೆ ಇನ್ಸುಲಿನ್ ಸುರಿಯುತ್ತಲೇ ಇರುತ್ತದೆ. ಹೊಟ್ಟೆ ಖಾಲಿಯಾದಾಗ ರಕ್ತದ ಸಕ್ಕರೆ ಪಾತಾಳಕ್ಕಿಳಿಯುತ್ತದೆ. ಮೊದಲು ಕೈ ನಡುಕ, ಬೆವರು, ಎದೆಬಡಿತ. ಇನ್ನೂ ಇಳಿದರೆ ಮಿದುಳು ಉಪವಾಸ ಬೀಳುತ್ತದೆ. ಆಗ ಮಾತು ತೊದಲುತ್ತದೆ, ಎದುರಿಗಿದ್ದವರ ಗುರುತು ಹತ್ತುವುದಿಲ್ಲ, ಸುಮ್ಮನಿರುವ ಮನುಷ್ಯ ಕೂಗಾಡುತ್ತಾನೆ, ಕೆಲವರಿಗೆ ಫಿಟ್ಸ್ ಬರುತ್ತದೆ.

ಇಂಥದೊಂದು ಮನೆಯನ್ನು ಊಹಿಸಿಕೊಳ್ಳಿ. ನಲವತ್ತೈದರ ಗೃಹಿಣಿ. ಬೆಳಿಗ್ಗೆ ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಬೇಕಾದವರು ಒಮ್ಮೊಮ್ಮೆ ಎಬ್ಬಿಸಿದರೂ ಏಳುವುದಿಲ್ಲ. ಎದ್ದರೆ ಏನೇನೋ ಮಾತಾಡುತ್ತಾರೆ. ಏಕಾದಶಿಯ ದಿನ ಸಂಜೆಯಾಗುತ್ತಲೂ ಇದೇ ಕಥೆ. ಕಾಫಿಯೋ ಪಾನಕವೋ ಕುಡಿಸಿದರೆ ಹದಿನೈದು ನಿಮಿಷದಲ್ಲಿ ಏನೂ ಆಗಿರಲಿಲ್ಲವೆಂಬಂತೆ ಕೆಲಸಕ್ಕೆ ನಿಲ್ಲುತ್ತಾರೆ, ಆಗಿದ್ದೊಂದೂ ನೆನಪಿರುವುದಿಲ್ಲ. ಮನೆಯವರು ಮೈಮೇಲೆ ಬರುತ್ತಿದೆ ಎನ್ನುತ್ತಾರೆ. ಒಬ್ಬ ವೈದ್ಯರು ಫಿಟ್ಸಿನ ಮಾತ್ರೆ ಕೊಟ್ಟಿರುತ್ತಾರೆ, ಇನ್ನೊಬ್ಬರು ಮನಸ್ಸಿನ ಕಾಯಿಲೆಯ ಮಾತ್ರೆ. ಈ ನಡುವೆ ಆಕೆಯ ತೂಕ ಏರಿರುತ್ತದೆ. ತಿಂದರೆ ಸರಿಹೋಗುತ್ತದೆ ಎಂಬುದನ್ನು ದೇಹ ತಾನಾಗಿ ಕಲಿತು, ರಾತ್ರಿ ಎದ್ದು ಬೆಲ್ಲದ ಡಬ್ಬಿಗೆ ಕೈ ಹಾಕುವುದು ಅಭ್ಯಾಸವಾಗಿರುತ್ತದೆ. ರಂಜಾನ್ ಉಪವಾಸದಲ್ಲಿ ಮಧ್ಯಾಹ್ನದ ಮೇಲೆ ಹೀಗಾಗುವವರೂ ಇದೇ ಸಾಲಿನವರು. ಫಿಟ್ಸಿಗೋ ಮನೋರೋಗಕ್ಕೋ ವರ್ಷಗಟ್ಟಲೆ ಮದ್ದು ನುಂಗಿದ ನಂತರ ಇನ್ಸುಲಿನೋಮ ಪತ್ತೆಯಾದ ಉದಾಹರಣೆಗಳು ವೈದ್ಯಕೀಯ ಸಾಹಿತ್ಯದಲ್ಲಿ ಬೇಕಾದಷ್ಟಿವೆ.

ಇದನ್ನು ಹಿಡಿಯುವ ಸೂತ್ರ ತೊಂಬತ್ತು ವರ್ಷ ಹಳೆಯದು. ನ್ಯೂಯಾರ್ಕಿನ ಶಸ್ತ್ರವೈದ್ಯ ಅಲೆನ್ ವಿಪಲ್ ಮೂರು ಅಂಶ ಕೂಡಿಬರಬೇಕು ಎಂದರು. ಲಕ್ಷಣಗಳು ಉಪವಾಸದಲ್ಲಿ ಬರಬೇಕು, ಆ ಹೊತ್ತಿಗೇ ಅಳೆದ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಕೊಟ್ಟೊಡನೆ ಲಕ್ಷಣ ಹೋಗಬೇಕು. ಎರಡನೆಯದನ್ನು ಮನೆಯವರೇ ಮಾಡಬಹುದು. ನೆರೆಮನೆಯಲ್ಲಾದರೂ ಒಂದು ಗ್ಲುಕೋಮೀಟರ್ ಇದ್ದೇ ಇರುತ್ತದೆ. ಹಾಗಾದಾಗ ಬೆರಳಿಗೆ ಚುಚ್ಚಿ ನೋಡಿ, ಸಮಯ ಮತ್ತು ಅಂಕಿಯನ್ನು ಬರೆದಿಡಿ, ತಕ್ಷಣ ಸಕ್ಕರೆ ನೀರು ಕೊಡಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ. ಅಂಕಿ 55ಕ್ಕಿಂತ ಕಡಿಮೆ ಇದ್ದು ಆ ವ್ಯಕ್ತಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ ಇನ್ಸುಲಿನ್ ಚುಚ್ಚುಮದ್ದನ್ನಾಗಲಿ ತೆಗೆದುಕೊಳ್ಳುವವರಲ್ಲದಿದ್ದರೆ, ಆ ಚೀಟಿಯನ್ನು ಹಿಡಿದು ಎಂಡೊಕ್ರೈನಾಲಜಿಸ್ಟ್ ಬಳಿ ಹೋಗಿ. ಹತ್ತು ಸ್ಕ್ಯಾನ್ ಹೇಳದ್ದನ್ನು ಆ ಚೀಟಿ ಹೇಳಬಹುದು.

ಮನೆಯ ಯಂತ್ರ ಕಡಿಮೆ ಸಕ್ಕರೆಯಲ್ಲಿ ಅಷ್ಟು ನಿಖರವಲ್ಲ. ಆದ್ದರಿಂದ ಆಸ್ಪತ್ರೆಯಲ್ಲಿ ಉಪವಾಸ ಪರೀಕ್ಷೆ ಮಾಡುತ್ತಾರೆ. 72 ಗಂಟೆಯವರೆಗೆ ನೀರು ಬಿಟ್ಟು ಬೇರೇನನ್ನೂ ಕೊಡದೆ, ನರ್ಸ್ ಕಣ್ಗಾವಲಿನಲ್ಲಿ, ಆಗಾಗ ರಕ್ತ ತೆಗೆಯುತ್ತಾರೆ. ಈ ಗಡ್ಡೆ ಇದ್ದವರಲ್ಲಿ ಬಹುಮಂದಿಗೆ 48 ಗಂಟೆಯೊಳಗೇ ಸಕ್ಕರೆ ಕುಸಿಯುತ್ತದೆ. ಮನೆಯಲ್ಲಿ ಇದನ್ನು ಯಾರೂ ಪ್ರಯತ್ನಿಸಕೂಡದು, ಜೀವಕ್ಕೇ ಅಪಾಯ. ಸಕ್ಕರೆ ಕುಸಿದ ಕ್ಷಣದ ರಕ್ತದಲ್ಲಿ ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎರಡನ್ನೂ ನೋಡುತ್ತಾರೆ. ಆರೋಗ್ಯವಂತರಲ್ಲಿ ಸಕ್ಕರೆ ಇಳಿದಾಗ ಇನ್ಸುಲಿನ್ ಸೊನ್ನೆಯ ಹತ್ತಿರ ಬರಬೇಕು. ಬಾರದೆ ಇದ್ದರೆ ಯಾರೋ ಅದನ್ನು ಬಿಡುತ್ತಿದ್ದಾರೆ ಎಂದರ್ಥ. ದೇಹವೇ ಇನ್ಸುಲಿನ್ ತಯಾರಿಸಿದಾಗ ಅದರ ಜೊತೆ ಅಷ್ಟೇ ಸಿ-ಪೆಪ್ಟೈಡ್ ಹೊರಬೀಳುತ್ತದೆ, ಚುಚ್ಚಿಕೊಂಡ ಇನ್ಸುಲಿನ್‌ನಲ್ಲಿ ಅದು ಇರುವುದಿಲ್ಲ. ಗ್ಲಿಬೆನ್‌ಕ್ಲಾಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ಮಾತ್ರ ಈ ಲೆಕ್ಕವನ್ನೂ ದಾರಿ ತಪ್ಪಿಸುತ್ತವೆ. ಅಜ್ಜನ ಡಬ್ಬಿಯ ಮಾತ್ರೆ ಅಜ್ಜಿಯ ಡಬ್ಬಿಗೆ ಬಿದ್ದಿದ್ದರೆ ಇಡೀ ಕಥೆಯೇ ಬದಲು. ಅದಕ್ಕೇ ವೈದ್ಯರು ಮನೆಯಲ್ಲಿರುವ ಎಲ್ಲರ ಮಾತ್ರೆಗಳ ಬಗ್ಗೆ ಕೇಳಿದರೆ ಬೇಸರಿಸಬೇಡಿ. ಹೆಸರಿಲ್ಲದ ಪುಡಿ, ಲೇಹ್ಯಗಳನ್ನೂ ತೋರಿಸಿ.

ಗಡ್ಡೆ ಇರುವುದು ಖಚಿತವಾದ ಮೇಲೆ ಎಲ್ಲಿದೆ ಎಂದು ಹುಡುಕಬೇಕು. ಈ ಕ್ರಮ ತಪ್ಪಬಾರದು. ರಕ್ತಪರೀಕ್ಷೆ ಮೊದಲು, ಹುಡುಕಾಟ ಆಮೇಲೆ. ಅಷ್ಟು ಚಿಕ್ಕ ಗಡ್ಡೆ ಸಾಮಾನ್ಯ ಸ್ಕ್ಯಾನಿನಲ್ಲಿ ಕಾಣದೆ ಹೋಗುವುದುಂಟು, ‘ಸ್ಕ್ಯಾನ್ ನಾರ್ಮಲ್’ ಎಂದು ಮನೆಗೆ ಕಳಿಸಿದವರಲ್ಲೂ ಅದು ಇರಬಹುದು. ಒಂಟಿ ಇನ್ಸುಲಿನೋಮ ಸಿಕ್ಕಿ, ಅದು ಮುಖ್ಯ ನಾಳದಿಂದ ದೂರವಿದ್ದರೆ, ಹಲಸಿನ ತೊಳೆಯಿಂದ ಬೀಜ ಬಿಡಿಸಿದಂತೆ ಅದೊಂದನ್ನೇ ಬಿಡಿಸಿ ತೆಗೆಯುತ್ತಾರೆ. 1929ರಲ್ಲಿ ಟೊರಾಂಟೊದಲ್ಲಿ ರಾಸ್ಕೊ ಗ್ರಹಾಂ ಎಂಬ ಶಸ್ತ್ರವೈದ್ಯರು ಹೀಗೆ ಗಡ್ಡೆ ತೆಗೆದು ರೋಗಿಯನ್ನು ಗುಣಪಡಿಸಿದರು. ಇನ್ಸುಲಿನ್ ಕಂಡುಹಿಡಿದದ್ದೂ ಅದೇ ಊರಿನಲ್ಲಿ, ಅದಕ್ಕೆ ಎಂಟು ವರ್ಷ ಮೊದಲು. ಇಂದಿಗೂ ಗಡ್ಡೆ ಹೊರಬಂದ ಕೆಲವೇ ಗಂಟೆಗಳಲ್ಲಿ ಸಕ್ಕರೆ ಮೇಲೇರುತ್ತದೆ.

ಬೇರೆ ಹಾರ್ಮೋನು, ಬೇರೆ ವೇಷ

ಗ್ಯಾಸ್ಟ್ರಿನ್ ಹಾರ್ಮೋನು ಬಿಡುವ ಗಡ್ಡೆ ಜಠರದಲ್ಲಿ ಆಮ್ಲದ ಹೊಳೆ ಹರಿಸುತ್ತದೆ. ಒಂದು ವಾಸಿಯಾಗುವಷ್ಟರಲ್ಲಿ ಇನ್ನೊಂದು ಹುಣ್ಣು, ಜೊತೆಗೆ ನಿಲ್ಲದ ಭೇದಿ. 1955ರಲ್ಲಿ ಅಮೆರಿಕದ ಜೋಲಿಂಜರ್ ಮತ್ತು ಎಲಿಸನ್ ಇದನ್ನು ವರ್ಣಿಸಿದರು. ಇಂದು ಯಾರ ಕಪಾಟಿನಲ್ಲಿ ನೋಡಿದರೂ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮಾತ್ರೆ ಇರುತ್ತದೆ. ಅವು ಈ ರೋಗವನ್ನು ಮುಚ್ಚಿಡುತ್ತವೆ. ಮಾತ್ರವಲ್ಲ, ರೋಗವಿಲ್ಲದವರಲ್ಲೂ ರಕ್ತದ ಗ್ಯಾಸ್ಟ್ರಿನ್ ಪ್ರಮಾಣವನ್ನು ಏರಿಸುತ್ತವೆ. ಹಾಗೆಂದು ಪರೀಕ್ಷೆಗೆ ಮುಂಚೆ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ನಿಜವಾಗಿ ಈ ಗಡ್ಡೆ ಇದ್ದವರಲ್ಲಿ ದಿಢೀರನೆ ನಿಲ್ಲಿಸಿದರೆ ಹುಣ್ಣು ತೂತಾಗಬಹುದು, ರಕ್ತ ಸೋರಬಹುದು.

ದಿನಕ್ಕೆ ಹತ್ತಾರು ಬಾರಿ ನೀರಿನಂಥ ಭೇದಿಯಾಗಿ, ಉಪವಾಸವಿದ್ದರೂ ನಿಲ್ಲದೆ, ರಕ್ತದ ಪೊಟ್ಯಾಸಿಯಂ ಮತ್ತೆ ಮತ್ತೆ ಕುಸಿಯುತ್ತಿದ್ದರೆ ವಿಐಪಿ ಎಂಬ ಹಾರ್ಮೋನಿನ ಗಡ್ಡೆಯನ್ನು ಯೋಚಿಸಬೇಕು. ಗ್ಲುಕಗಾನ್ ಗಡ್ಡೆ ಚರ್ಮರೋಗವಾಗಿ ಬರುತ್ತದೆ. ತೊಡೆಸಂದಿಯಲ್ಲಿ, ಪೃಷ್ಠದಲ್ಲಿ, ಕಾಲಲ್ಲಿ ಕೆಂಪಗೆ ಎದ್ದು ಸುಲಿದು ಜಾಗ ಬದಲಿಸುತ್ತಾ ಹೋಗುವ ಗಾಯ, ಹೊಸದಾಗಿ ಸಕ್ಕರೆ ಕಾಯಿಲೆ, ಇಳಿಯುತ್ತಿರುವ ತೂಕ. ವರ್ಷವಿಡೀ ಮುಲಾಮು ಹಚ್ಚಿದರೂ ಹೋಗದ ಈ ಗಾಯವನ್ನು ಗುರುತಿಸುವುದು ಹೆಚ್ಚಾಗಿ ಜಾಗರೂಕ ಚರ್ಮವೈದ್ಯರೇ.

ಇವೆಲ್ಲ ಸದ್ದು ಮಾಡುವ ಗಡ್ಡೆಗಳು. ನಿಜಕ್ಕೂ ಮೇದೋಜೀರಕದ ನೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಯಾವ ಹಾರ್ಮೋನಿನ ಲಕ್ಷಣವನ್ನೂ ತೋರದೆ ಸುಮ್ಮನೆ ಬೆಳೆಯುವಂಥವು. ಬೇರೇನೋ ಹುಡುಕುವಾಗ ಸಿಗುತ್ತವೆ, ಇಲ್ಲವೇ ಲಿವರ್‌ಗೆ ಹಬ್ಬಿದ ಮೇಲೆ. ಎರಡು ಸೆಂಟಿಮೀಟರಿಗಿಂತ ಚಿಕ್ಕದಾಗಿದ್ದು, ಯಾವ ತೊಂದರೆಯನ್ನೂ ಕೊಡದೆ, ನಿಧಾನದ ಜಾತಿಯೆಂದು ಖಚಿತವಾದರೆ ಕತ್ತರಿ ಹಾಕದೆ ಕಾಲಕಾಲಕ್ಕೆ ಸ್ಕ್ಯಾನ್ ಮಾಡಿ ಕಾಯುವುದು ಈಗ ಒಪ್ಪಿತ ಪದ್ಧತಿ. ‘ಗಡ್ಡೆ ಇಟ್ಟುಕೊಂಡು ಸುಮ್ಮನಿರಿ ಅಂತಾರಲ್ಲ’ ಎಂದು ಮನೆಯವರು ಕಂಗಾಲಾಗುತ್ತಾರೆ. ಅದು ವೈದ್ಯರ ನಿರ್ಲಕ್ಷ್ಯವಲ್ಲ. ಮೇದೋಜೀರಕದ ಶಸ್ತ್ರಚಿಕಿತ್ಸೆ ದೊಡ್ಡ ಶಸ್ತ್ರಚಿಕಿತ್ಸೆ, ಅದರ ಅಪಾಯವನ್ನೂ ಆ ಸಣ್ಣ ಗಡ್ಡೆಯ ಅಪಾಯವನ್ನೂ ತೂಗಿ ನೋಡಿಯೇ ಹೇಳಿರುತ್ತಾರೆ.

ಇಪ್ಪತ್ತರ ಹುಡುಗಿಯ ಹೊಟ್ಟೆಯ ಗಂಟು

ಕಾಲೇಜಿಗೆ ಹೋಗುವ ಹುಡುಗಿ ಅಥವಾ ಹೊಸದಾಗಿ ಮದುವೆಯಾದವಳು. ಹೊಟ್ಟೆಯ ಮೇಲ್ಭಾಗದಲ್ಲಿ ಭಾರ, ಕೆಲವೊಮ್ಮೆ ಕೈಗೇ ಸಿಗುವ ಗಂಟು. ಸ್ಕ್ಯಾನಿನಲ್ಲಿ ಕಿತ್ತಳೆಯಷ್ಟೋ ಅದಕ್ಕೂ ದೊಡ್ಡದೋ ಆದ, ಒಳಗೆ ಒಂದಷ್ಟು ಗಟ್ಟಿ ಒಂದಷ್ಟು ನೀರು ತುಂಬಿದ, ಸುತ್ತ ಸ್ಪಷ್ಟ ಅಂಚಿರುವ ಗಡ್ಡೆ. ಗಾತ್ರ ಕೇಳಿ ಮನೆಯವರ ಜೀವ ಹಾರುತ್ತದೆ. ಆದರೆ ಈ ಚಿತ್ರ ಸಾಲಿಡ್ ಸ್ಯೂಡೊಪ್ಯಾಪಿಲರಿ ನಿಯೋಪ್ಲಾಸಂ ಎಂಬ ಉದ್ದ ಹೆಸರಿನ ಗಡ್ಡೆಯದು. ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಹೆಣ್ಣುಮಕ್ಕಳು, ಬಹುತೇಕ ಇಪ್ಪತ್ತು-ಮೂವತ್ತರ ವಯಸ್ಸಿನವರು. 1959ರಲ್ಲಿ ಇದನ್ನು ಬೇರೆಯೇ ಗಡ್ಡೆಯೆಂದು ಗುರುತಿಸಿದವರೂ ಒಬ್ಬ ಮಹಿಳೆ, ರೋಗಶಾಸ್ತ್ರಜ್ಞೆ ವರ್ಜೀನಿಯಾ ಫ್ರಾಂಟ್ಜ್. ಇನ್ಸುಲಿನೋಮದ ಬಗ್ಗೆ ವಿಪಲ್ ಅವರ ಜೊತೆ 1935ರಲ್ಲಿ ಲೇಖನ ಬರೆದವರೂ ಇವರೇ. ಪೂರ್ತಿಯಾಗಿ ತೆಗೆದುಹಾಕಿದರೆ ಇವರಲ್ಲಿ ಬಹುಪಾಲು ಮಂದಿ ಗುಣವಾಗುತ್ತಾರೆ. ಮತ್ತೆ ಓದುತ್ತಾರೆ, ದುಡಿಯುತ್ತಾರೆ, ತಾಯಂದಿರಾಗುತ್ತಾರೆ. ಗಡ್ಡೆ ದೊಡ್ಡದೆಂದು ‘ಇನ್ನೇನೂ ಮಾಡುವಂತಿಲ್ಲ’ ಎಂಬ ಮಾತು ಕೇಳಿಬಂದರೆ, ಅದನ್ನು ಒಪ್ಪುವ ಮುನ್ನ ಮೇದೋಜೀರಕದ ಶಸ್ತ್ರಚಿಕಿತ್ಸೆಯನ್ನೇ ಹೆಚ್ಚಾಗಿ ಮಾಡುವವರಲ್ಲಿಗೆ ಹೋಗಿ. ಹುಡುಗಿಯ ಮದುವೆ ಮಾತುಕತೆಗೆ ತೊಂದರೆಯಾದೀತೆಂದು ಮುಚ್ಚಿಟ್ಟು ಮುಂದೂಡಬೇಡಿ. ಇದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಜೀರ್ಣರಸದ ಕೋಶದಿಂದ ಹುಟ್ಟುವ ಅಸಿನಾರ್ ಕಾರ್ಸಿನೋಮ ಇನ್ನೂ ವಿರಳ. ಅದು ಲೈಪೇಸ್ ಎಂಬ ಕಿಣ್ವವನ್ನು ರಕ್ತಕ್ಕೆ ಸುರಿದು, ಕಾಲಿನ ಚರ್ಮದಡಿ ನೋವಿನ ಗಂಟುಗಳನ್ನೂ ಕೀಲುನೋವನ್ನೂ ತರಬಹುದು. ಮಕ್ಕಳಲ್ಲಿ ಪ್ಯಾಂಕ್ರಿಯಾಟೊಬ್ಲಾಸ್ಟೋಮ ಎಂಬುದಿದೆ, ಅದರಲ್ಲಿ ರಕ್ತದ ಆಲ್ಫಾ ಫೀಟೊಪ್ರೋಟೀನ್ ಏರಿರುವುದು ಸುಳಿವು. ಕಿಡ್ನಿಯ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷ ಕಳೆದ ಮೇಲೂ ಅದರ ಬೀಜ ಮೇದೋಜೀರಕದಲ್ಲಿ ಮೊಳೆಯುವುದುಂಟು. ಹಳೆಯ ಆಪರೇಷನ್ ಎಂದು ಹೇಳದೆ ಬಿಡಬೇಡಿ.

ನೀರುಗುಳ್ಳೆಗಳದೇ ಒಂದು ಪ್ರತ್ಯೇಕ ಪ್ರಪಂಚ. ವಯಸ್ಸಾದವರ ಎಂಆರ್‌ಐನಲ್ಲಿ ಸಣ್ಣ ಸಿಸ್ಟ್ ಕಾಣುವುದು ಸಾಮಾನ್ಯ ಸಂಗತಿ. ಜೇನುಗೂಡಿನಂಥ ಸೀರಸ್ ಸಿಸ್ಟ್ ಬಹುತೇಕ ನಿರುಪದ್ರವಿ. ಲೋಳೆ ತುಂಬಿದವು ಮಾತ್ರ ನಿಧಾನವಾಗಿ ಕ್ಯಾನ್ಸರ್‌ನತ್ತ ಸರಿಯಬಲ್ಲವು, ಅವುಗಳ ಮೇಲೆ ಕಣ್ಣಿಡಬೇಕು. ಸೂಜಿಯಿಂದ ತೆಗೆದ ದ್ರವದಲ್ಲಿ ಸಿಇಎ ಎಂಬ ಗುರುತು ಹೆಚ್ಚಿದ್ದು ಸಕ್ಕರೆ ಕಡಿಮೆ ಇದ್ದರೆ ಅದು ಲೋಳೆಯ ಜಾತಿ ಎಂಬ ಸೂಚನೆ.

ಗಡ್ಡೆಯ ವೇಷದಲ್ಲಿ ಬಂದವು

ನಮ್ಮ ದೇಶದಲ್ಲಿ ಮರೆಯಬಾರದ ಒಂದು ಹೆಸರು ಕ್ಷಯ. ಮೇದೋಜೀರಕದ ಸುತ್ತಲ ದುಗ್ಧಗ್ರಂಥಿಗಳಿಗೆ ಟಿಬಿ ತಗುಲಿ ಉಂಡೆಗಟ್ಟಿದರೆ ಸ್ಕ್ಯಾನಿನಲ್ಲಿ ಅದು ಕ್ಯಾನ್ಸರಿನಂತೆಯೇ ಕಾಣಬಹುದು. ಕಾಮಾಲೆಯೂ ಬರಬಹುದು. ಸೂಜಿಯಿಂದ ತೆಗೆದ ಚೂರನ್ನು ಟಿಬಿ ಪರೀಕ್ಷೆಗೂ ಕಳಿಸಿದರೆ ಗುಟ್ಟು ಬಯಲಾಗುತ್ತದೆ. ಆಮೇಲೆ ಬೇಕಾದದ್ದು ಕತ್ತರಿಯಲ್ಲ, ತಿಂಗಳುಗಟ್ಟಲೆ ತಪ್ಪದೆ ನುಂಗುವ ಮಾತ್ರೆ. ಇನ್ನೊಂದು ಆಟೊಇಮ್ಯೂನ್ ಪ್ಯಾಂಕ್ರಿಯಾಟೈಟಿಸ್. ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದು ಅದು ಊದಿಕೊಳ್ಳುತ್ತದೆ. ಐಜಿಜಿ4 ಎಂಬ ರಕ್ತಪರೀಕ್ಷೆ ಸುಳಿವು ಕೊಡುತ್ತದೆ, ಸ್ಟಿರಾಯ್ಡ್ ಮಾತ್ರೆಗೆ ಕರಗುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಗುಲ್ಮದ ಒಂದು ಸಣ್ಣ ಮರಿ ಮೇದೋಜೀರಕದ ಬಾಲದೊಳಗೆ ಸೇರಿಕೊಂಡಿರುತ್ತದೆ. ಅದು ಸ್ಕ್ಯಾನಿನಲ್ಲಿ ನೆಟ್‌ನಂತೆಯೇ ಹೊಳೆದು ಅನುಭವಿಗಳನ್ನೂ ಮೋಸಗೊಳಿಸುತ್ತದೆ. ಅನಗತ್ಯ ಶಸ್ತ್ರಚಿಕಿತ್ಸೆ ತಪ್ಪಬೇಕಾದರೆ ಈ ಮೂರನ್ನೂ ‘ಇರಬಹುದೇ’ ಎಂದು ಒಮ್ಮೆ ಕೇಳುವುದರಲ್ಲಿ ತಪ್ಪಿಲ್ಲ.

ಯಾವ ಪರೀಕ್ಷೆ ಏನು ಹೇಳುತ್ತದೆ

ಸಾಮಾನ್ಯ ಅಲ್ಟ್ರಾಸೌಂಡ್‌ಗೆ ಜಠರ ಮತ್ತು ಕರುಳಿನ ಗಾಳಿ ಅಡ್ಡ ಬರುತ್ತದೆ. ಅಲ್ಲಿ ಮೇದೋಜೀರಕ ‘ಸರಿಯಾಗಿ ಕಾಣಲಿಲ್ಲ’ ಎಂದು ಬರೆದಿದ್ದರೆ ಅದನ್ನು ‘ಸರಿಯಾಗಿದೆ’ ಎಂದು ಓದಬೇಡಿ. ಮುಂದಿನದು ಮೇದೋಜೀರಕಕ್ಕೆಂದೇ ಮಾಡುವ ಸಿಟಿ ಸ್ಕ್ಯಾನ್. ರಕ್ತನಾಳಕ್ಕೆ ಔಷಧ ಬಿಟ್ಟು, ಅದು ಅಪಧಮನಿಯಲ್ಲಿ ಹರಿಯುವಾಗ ಒಮ್ಮೆ, ಅಭಿಧಮನಿಗೆ ಬಂದಾಗ ಇನ್ನೊಮ್ಮೆ ಚಿತ್ರ ತೆಗೆಯುತ್ತಾರೆ. ನೆಟ್‌ಗೆ ರಕ್ತದ ಪೂರೈಕೆ ಜೋರು, ಆದ್ದರಿಂದ ಮೊದಲ ಚಿತ್ರದಲ್ಲೇ ದೀಪದಂತೆ ಬೆಳಗುತ್ತದೆ. ನಾಳದ ಕ್ಯಾನ್ಸರ್ ಸುತ್ತಲಿನ ಗ್ರಂಥಿಗಿಂತ ಮಂಕಾಗಿ, ನಾಳವನ್ನು ಹಿಸುಕಿದಂತೆ ಕಾಣುತ್ತದೆ. ಈ ಮೊದಲ ಹಂತದ ಚಿತ್ರವಿಲ್ಲದ ಸಿಟಿ ಅರ್ಧ ಓದಿದ ಪತ್ರದಂತೆ.

ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಎಂಬುದು ಜಠರದೊಳಗಿಂದಲೇ ಗ್ರಂಥಿಯನ್ನು ಪಕ್ಕದಲ್ಲೇ ಕೂತು ನೋಡಿದಂತೆ. ಕೆಲವೇ ಮಿಲಿಮೀಟರಿನ ಗಡ್ಡೆಯೂ ಕಾಣುತ್ತದೆ, ಅಲ್ಲಿಂದಲೇ ಸೂಜಿ ಹಾಕಿ ಚೂರು ತೆಗೆಯಬಹುದು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆ’ ಎಂಬ ಭಯ ನಮ್ಮಲ್ಲಿ ಬಲವಾಗಿದೆ. ಜಾತಿ ತಿಳಿಯದೆ ಕೊಟ್ಟ ತಪ್ಪು ಚಿಕಿತ್ಸೆಯ ಅಪಾಯದ ಮುಂದೆ ಆ ಅಪಾಯ ತೀರಾ ಸಣ್ಣದು.

ನೆಟ್ ಎಂಬ ಅನುಮಾನವಿದ್ದರೆ ಗ್ಯಾಲಿಯಂ-68 ಡೋಟಾಟೇಟ್ ಅಥವಾ ಡೋಟಾನಾಕ್ ಪೆಟ್ ಸ್ಕ್ಯಾನ್. ಈ ಗಡ್ಡೆಗಳ ಮೈಮೇಲೆ ಸೊಮ್ಯಾಟೊಸ್ಟಾಟಿನ್ ಎಂಬ ಹಾರ್ಮೋನು ಹಿಡಿಯುವ ಬೀಗಗಳಿರುತ್ತವೆ. ಆ ಬೀಗಕ್ಕೆ ಹೊಂದುವ ಕೀಲಿಗೆ ವಿಕಿರಣದ ಚಿಟಿಕೆ ಅಂಟಿಸಿ ಬಿಟ್ಟರೆ ದೇಹದಲ್ಲಿ ಎಲ್ಲೆಲ್ಲಿ ಗಡ್ಡೆಯಿದೆಯೋ ಅಲ್ಲೆಲ್ಲ ಬೆಳಗುತ್ತದೆ. ಸಾಮಾನ್ಯ ಪೆಟ್ ಸ್ಕ್ಯಾನ್ ಸಕ್ಕರೆಯನ್ನು ಬಳಸುತ್ತದೆ, ನಿಧಾನದ ನೆಟ್ ಅದರಲ್ಲಿ ಕಾಣದೇ ಹೋಗಬಹುದು. ಆದ್ದರಿಂದ ‘ಪೆಟ್ ಮಾಡಿಸಿದ್ದೇವೆ’ ಎಂದರೆ ಸಾಲದು, ಯಾವ ಪೆಟ್ ಎಂಬುದನ್ನು ವರದಿಯಲ್ಲಿ ನೋಡಿ. ಇದೇ ಬೀಗ-ಕೀಲಿಯ ಉಪಾಯಕ್ಕೆ ಲುಟೇಷಿಯಂ-177 ಎಂಬ ಬಲವಾದ ವಿಕಿರಣ ಕಣ ಸೇರಿಸಿದರೆ ಅದು ಚಿಕಿತ್ಸೆಯೇ ಆಗುತ್ತದೆ. ಸಾಮಾನ್ಯವಾಗಿ ಎರಡೆರಡು ತಿಂಗಳ ಅಂತರದಲ್ಲಿ ನಾಲ್ಕು ಸುತ್ತು ಕೊಡುತ್ತಾರೆ. ಹಬ್ಬಿದ ಗಡ್ಡೆಗೂ ಆಕ್ಟ್ರಿಯೋಟೈಡ್, ಲ್ಯಾನ್ರಿಯೋಟೈಡ್ ಚುಚ್ಚುಮದ್ದು, ಎವೆರೋಲಿಮಸ್ ಮಾತ್ರೆ ಮುಂತಾದ ದಾರಿಗಳಿವೆ.

ರಕ್ತದ ಗುರುತುಗಳನ್ನು ಅತಿಯಾಗಿ ನಂಬಬೇಡಿ. ನಾಳದ ಕ್ಯಾನ್ಸರ್‌ಗೆ ನೋಡುವ ಸಿಎ 19-9 ಕಾಮಾಲೆಯಲ್ಲೂ ಏರುತ್ತದೆ, ಕೆಲವರ ದೇಹ ಅದನ್ನು ಹುಟ್ಟಿನಿಂದಲೇ ತಯಾರಿಸುವುದಿಲ್ಲ. ನೆಟ್‌ಗೆ ನೋಡುವ ಕ್ರೊಮೊಗ್ರಾನಿನ್-ಎ, ಆಮ್ಲ ತಗ್ಗಿಸುವ ಮಾತ್ರೆ ನುಂಗುವ ಅರ್ಧ ಊರಿನಲ್ಲಿ ಹೆಚ್ಚೇ ಇರುತ್ತದೆ.

ಬಯಾಪ್ಸಿ ವರದಿಯಲ್ಲಿ ಹುಡುಕಬೇಕಾದ ಎರಡು ಸಂಗತಿ

ನೆಟ್ ಎಂದು ಬಂದರೆ ಮೊದಲು ‘ವೆಲ್ ಡಿಫರೆನ್ಷಿಯೇಟೆಡ್’ ಎಂದಿದೆಯೋ ‘ಪೂರ್ಲಿ ಡಿಫರೆನ್ಷಿಯೇಟೆಡ್’ ಎಂದಿದೆಯೋ ನೋಡಿ. ಮೊದಲನೆಯದು ಮೂಲ ಕೋಶದ ಚಹರೆ ಉಳಿಸಿಕೊಂಡಿರುವ ಗಡ್ಡೆ, ಎರಡನೆಯದು ಚಹರೆಗೆಟ್ಟ ಆಕ್ರಮಣಕಾರಿ. ಎರಡಕ್ಕೂ ಚಿಕಿತ್ಸೆ ಬೇರೆ. ಆಮೇಲೆ ಕೆಐ-67 ಎಂಬ ಅಂಕಿ ನೋಡಿ. ನೂರು ಕೋಶಗಳಲ್ಲಿ ಎಷ್ಟು ವಿಭಜನೆಯ ಓಟದಲ್ಲಿವೆ ಎಂಬ ಲೆಕ್ಕ ಅದು. ಮೂರಕ್ಕಿಂತ ಕಡಿಮೆಯಿದ್ದರೆ ಗ್ರೇಡ್ 1, ಮೂರರಿಂದ ಇಪ್ಪತ್ತು ಗ್ರೇಡ್ 2, ಇಪ್ಪತ್ತು ದಾಟಿದರೆ ಗ್ರೇಡ್ 3. ಈ ಎರಡು ಸಾಲಿಲ್ಲದ ವರದಿ ಅಪೂರ್ಣ. ಪೂರ್ತಿ ಮಾಡಿಸಿಕೊಡಿ ಎಂದು ಕೇಳುವ ಹಕ್ಕು ನಿಮಗಿದೆ.

ವಂಶದ ಪ್ರಶ್ನೆಯೂ ಇಲ್ಲೇ ಬರುತ್ತದೆ. ಎಂಇಎನ್-1 ಎಂಬ ವಂಶವಾಹಿ ದೋಷದಲ್ಲಿ ಪ್ಯಾರಾಥೈರಾಯ್ಡ್, ಪಿಟ್ಯುಟರಿ, ಮೇದೋಜೀರಕ ಮೂರರಲ್ಲೂ ಗಡ್ಡೆಗಳೇಳುತ್ತವೆ. ಮಕ್ಕಳಿಗೆ ದಾಟುವ ಸಂಭವ ಅರ್ಧಕ್ಕರ್ಧ. ರೋಗಿಗೋ ಹತ್ತಿರದ ರಕ್ತಸಂಬಂಧಿಗೋ ಪದೇ ಪದೇ ಕಿಡ್ನಿ ಕಲ್ಲಾಗಿದ್ದರೆ, ರಕ್ತದ ಕ್ಯಾಲ್ಸಿಯಂ ಹೆಚ್ಚಿದ್ದರೆ ವೈದ್ಯರಿಗೆ ಹೇಳಿ. ಕ್ಯಾಲ್ಸಿಯಂ ಪರೀಕ್ಷೆ ಅಗ್ಗದ ಪರೀಕ್ಷೆ.

ಎಲ್ಲಿಗೆ, ಏನನ್ನು ಹೊತ್ತು

ಅಪರೂಪದ ಗಡ್ಡೆಗೆ ಹತ್ತಿರದ ಆಸ್ಪತ್ರೆಗಿಂತ ಅಭ್ಯಾಸವಿರುವ ಆಸ್ಪತ್ರೆ ಮೇಲು. ವರ್ಷಕ್ಕೆ ಎಷ್ಟು ಮೇದೋಜೀರಕದ ಶಸ್ತ್ರಚಿಕಿತ್ಸೆ ಮಾಡುತ್ತೀರಿ ಎಂದು ವಿನಯದಿಂದ ಕೇಳಬಹುದು. ಒಳ್ಳೆಯ ಶಸ್ತ್ರವೈದ್ಯರು ಅದಕ್ಕೆ ಸಿಟ್ಟಾಗುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ, ವೆಲ್ಲೂರಿನ ಸಿಎಂಸಿ, ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಗಳಿಗೆ ಕನ್ನಡಿಗರು ಬಹುಕಾಲದಿಂದ ಹೋಗುತ್ತಿದ್ದಾರೆ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಮಾಡಿಸಿಕೊಳ್ಳಿ. ಆಮೇಲೆ ಓಡಾಡುವುದು ತಪ್ಪುತ್ತದೆ.

ಬಾಲದ ಭಾಗದ ಶಸ್ತ್ರಚಿಕಿತ್ಸೆಯಲ್ಲಿ ಗುಲ್ಮವನ್ನೂ ತೆಗೆಯಬೇಕಾಗಬಹುದು. ಹಾಗಿದ್ದರೆ ನ್ಯುಮೋಕಾಕಸ್ ಮುಂತಾದವುಗಳ ಲಸಿಕೆಯನ್ನು ಎರಡು ವಾರ ಮೊದಲೇ ಹಾಕಿಸಬೇಕು, ಕೇಳಿ ನೆನಪಿಸಿ. ಶಸ್ತ್ರಚಿಕಿತ್ಸೆಯ ನಂತರ ಮಲ ಜಿಡ್ಡಾಗಿ ತೇಲಿ, ತೂಕ ಇಳಿಯುತ್ತಿದ್ದರೆ ಕಿಣ್ವದ ಕ್ಯಾಪ್ಸೂಲ್ ಬೇಕಾಗಿದೆ ಎಂದರ್ಥ. ಅದನ್ನು ಊಟವಾದ ಮೇಲಲ್ಲ, ಊಟದ ಮೊದಲ ತುತ್ತಿನ ಜೊತೆ ನುಂಗಬೇಕು.

ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಬರೀ ವರದಿಯ ಜೆರಾಕ್ಸ್ ಒಯ್ದರೆ ಪ್ರಯೋಜನ ಕಡಿಮೆ. ಸ್ಕ್ಯಾನಿನ ಸಿಡಿ, ಬಯಾಪ್ಸಿಯ ಗಾಜಿನ ಸ್ಲೈಡುಗಳು, ಅಂಗಾಂಶವನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಮೂರೂ ಬೇಕು. ಅರ್ಜಿ ಬರೆದು ಕೊಟ್ಟರೆ ಪ್ರಯೋಗಾಲಯದವರು ಸ್ಲೈಡು, ಬ್ಲಾಕ್ ಕೊಡುತ್ತಾರೆ. ಬಸ್ಸಿನಲ್ಲಿ ಬಿಸಿಲಿಗೆ ಬೀಳುವ ಚೀಲದಲ್ಲಿ ಇಡಬೇಡಿ, ಮೇಣ ಕರಗಬಹುದು. ಕೆಲಸ ಮುಗಿದ ಮೇಲೆ ಎಸೆಯಲೂ ಬೇಡಿ. ವರ್ಷಗಳು ಕಳೆದ ನಂತರವೂ ಆ ಬೆರಳುಗಾತ್ರದ ತುಂಡಿನಿಂದ ಹೊಸ ಪರೀಕ್ಷೆ ಮಾಡಿಸಬಹುದು.